ದೊಡ್ಡ ಸರ್ ದೋಹಾಕ್ಕೆ ಬಂದ ಚಳಿಗಾಲ

ಕಳೆದ ತಿಂಗಳು ಊರಿನಿಂದ ದೋಹಾ ಪಕ್ಕದ ಅಲ್ ರಯ್ಯಾನಿಗೆ, ಮಗಳ ಮನೆಗೆ ಹೋದ ಮರುದಿನವೇ ಅವಳಿಗೂ ನನಗೂ ಒಂದು ಸಣ್ಣ ಜಗಳವಾಯಿತು. ಕೆಲಸದವಳು ನೆಲ ಒರೆಸುವ ನೀರಿಗೆ ಫಿನಾಯಿಲ್ ಸುರಿದಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಕೆಟ್ ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದೆ, ಕಿಟಕಿಗಳನ್ನೆಲ್ಲ ತೆರೆದುಬಿಟ್ಟೆ. ಹೊರಗಿನ ಬಿಸಿಗಾಳಿ, ಧೂಳು ಎಲ್ಲ ಒಳಗೆ ಬಂತು.

"ಅಮ್ಮಾ, ಎಸಿ ಓಡ್ತಾ ಉಂಟು. ಎಂತ ಮಾಡ್ತಾ ಇದ್ದೀರಿ ನೀವು?"

"ನಿನ್ನ ಅಪ್ಪ ವಾಕಿಂಗ್ ಮುಗಿಸಿ ಬರುವ ಮೊದಲು ಈ ವಾಸನೆ ಹೋಗ್ಬೇಕು."

"ಇಷ್ಟು ವರ್ಷ ಆಯ್ತು, ಇನ್ನೂ ಅಪ್ಪನಿಗೆ ಫಿನಾಯಿಲ್ ಆಗುದಿಲ್ವಾ?"

ಈ 'ಇಷ್ಟು ವರ್ಷ ಆಯ್ತು' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಮಾಸ್ತರ ಬಾಯಲ್ಲಿ ಕೇಳಿದ್ದೇನೆ, ಸಂಘದ ಅಧ್ಯಕ್ಷರ ಬಾಯಲ್ಲಿ ಕೇಳಿದ್ದೇನೆ, ನೆಂಟರ ಬಾಯಲ್ಲಂತೂ ಲೆಕ್ಕವಿಲ್ಲ. ಕೊನೆಗೆ ಹೆತ್ತ ಮಗಳ ಬಾಯಲ್ಲೂ ಕೇಳಬೇಕಾಯಿತು. ಅವಳನ್ನು ಬೈದು ಪ್ರಯೋಜನವಿರಲಿಲ್ಲ. ತಂದೆ ಬಾಲಮಂದಿರದಲ್ಲಿ ಬೆಳೆದವರು, ಎಡಗಿವಿ ಕೇಳುವುದಿಲ್ಲ, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಉಳಿದದ್ದೆಲ್ಲ ಬಯಲಾದ ಸಂಜೆ ಅವಳು ಪುಟ್ಟ ಹುಡುಗಿ, ಅದು ನಡೆದ ಸಭಾಂಗಣದ ಹಿಂದಿನ ಕೋಣೆಯಲ್ಲಿ ಡ್ಯಾನ್ಸಿಗೆಂದು ಕೆನ್ನೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು.

ಅದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಆಗ ನಾವು ದೋಹಾದ ಅಲ್ ಹಿಲಾಲಿನಲ್ಲಿದ್ದೆವು. ನಾನು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಟೈಪಿಸ್ಟ್. ಇವರು, ಅಂದರೆ ನನ್ನ ಯಜಮಾನರು ವಸಂತ, ಎಸಿ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಊರೆಲ್ಲ ಎಸಿ ಆರಿಸಿ ಆರಾಮವಾಗಿರುವ ಆ ತಿಂಗಳುಗಳಲ್ಲೇ ಇವರಿಗೆ ಕೆಲಸ ಜಾಸ್ತಿ. ಕಿಟಕಿಯಿಂದ ಕಳಚಿ ತಂದ ಎಸಿಗಳನ್ನು ತೊಳೆದು, ಗ್ಯಾಸ್ ತುಂಬಿಸಿ, ಮುಂದಿನ ಬೇಸಿಗೆಗೆ ತಯಾರು ಮಾಡಬೇಕು. ಕಂಪ್ರೆಸರಿನ ಸದ್ದು ಸರಿಯಿದೆಯೇ ಎಂದು ನೋಡಲು ಬೇರೆಯವರು ನಿಂತಲ್ಲಿಂದಲೇ ಕೇಳಿದರೆ, ಇವರು ಬಗ್ಗಿ ಬಲಗಿವಿಯನ್ನು ಅದರ ಹತ್ತಿರ ಹಿಡಿಯುತ್ತಿದ್ದರು. ಹೆಲ್ಪರುಗಳಿಗೆ ಅದು ಅನುಭವಸ್ಥರ ಗತ್ತಿನಂತೆ ಕಾಣುತ್ತಿತ್ತು.

ಹೊರಗಿನವರಿಗೆ ಬೇರೆ ರೀತಿ ಕಾಣುತ್ತಿತ್ತು. ಎಡಗಡೆಯಿಂದ ಯಾರಾದರೂ 'ವಸಂತಣ್ಣಾ' ಎಂದರೆ ಇವರು ತಿರುಗಿಯೂ ನೋಡುತ್ತಿರಲಿಲ್ಲ. ಫೋರ್‌ಮನ್ ಆದ ಮೇಲೆ ಜಂಬ ಬಂದಿದೆ ಎಂದು ನಮ್ಮ ಕರಾವಳಿಯವರೇ ಆಡಿಕೊಳ್ಳುತ್ತಿದ್ದರು. ಕಿವಿಯ ವಿಷಯ ಹೇಳಿ ಎಂದರೆ ಇವರು ಕೇಳುವವರಲ್ಲ. ಹೇಳಿದರೆ 'ಹೇಗಾಯಿತು' ಎಂದು ಕೇಳುತ್ತಾರೆ, ಅದನ್ನು ಹೇಳಿದರೆ 'ಅಯ್ಯೋ ಪಾಪ' ಎನ್ನುತ್ತಾರೆ, ಆಮೇಲೆ ಊಟದ ಮಾತಿಗೆ ಹೋಗುತ್ತಾರೆ. ಇವರಿಗೆ ಅದು ಬೇಡವಾಗಿತ್ತು.

ಹೇಗಾಯಿತು ಎಂಬುದು ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಊರಿನ ಪುರಸಭೆಯ ಬಾಲಮಂದಿರ. ಹಾಸಿಗೆ ಒದ್ದೆ ಮಾಡಿದ ಮಕ್ಕಳ ಚಾದರವನ್ನು ಫಿನಾಯಿಲ್ ನೀರಿನಲ್ಲಿ ಅದ್ದಿ, ಅವರ ತಲೆಗೇ ಹೊದಿಸಿ ಅಂಗಳದ ಬಿಸಿಲಲ್ಲಿ ನಿಲ್ಲಿಸುವುದು ಅಲ್ಲಿನ ಸೂಪರಿಂಟೆಂಡೆಂಟರ ಪದ್ಧತಿ. ಅವರನ್ನು ಮಕ್ಕಳು ದೊಡ್ಡ ಸರ್ ಎನ್ನುತ್ತಿದ್ದರಂತೆ. ನಾನೂ ಹಾಗೆಯೇ ಬರೆಯುತ್ತೇನೆ, ಹೆಸರು ಬರೆದು ನೆನಪಿಡುವಷ್ಟು ಮರ್ಯಾದೆ ಅವರಿಗೆ ಕೊಡಲು ನನಗೆ ಮನಸ್ಸಿಲ್ಲ. ಒಂದು ದಿನ ಹಾಗೆ ನಿಂತ ಒಬ್ಬ ಹುಡುಗ ಕುಸಿದು ಬಿದ್ದ. ಇವರು ಓಡಿ ಹೋಗಿ ಅವನ ಮುಖದ ಮೇಲಿನ ಚಾದರ ಎಳೆದುಹಾಕಿದರು. ಅದಕ್ಕೆ ದೊಡ್ಡ ಸರ್ ಕೊಟ್ಟ ಏಟಿಗೆ ಎಡಗಿವಿಯಿಂದ ರಕ್ತ ಬಂತು, ಆಮೇಲೆ ಕೀವು ಬಂತು, ಕೊನೆಗೆ ಏನೂ ಬರಲಿಲ್ಲ, ಸದ್ದು ಕೂಡ. ಆ ಹುಡುಗ ಯಾರು ಎಂದು ನಾನು ಎಷ್ಟು ಸಲ ಕೇಳಿದರೂ 'ಒಬ್ಬ ಹುಡುಗ' ಎಂದಷ್ಟೇ ಹೇಳುತ್ತಿದ್ದರು.

ರಜೆಯಲ್ಲಿ ಊರಿಗೆ ಹೋದರೆ ಗಲ್ಫಿನವರು ಚಿನ್ನದಂಗಡಿ, ಸೈಟು ಎಂದು ಓಡಾಡುತ್ತಾರೆ. ಇವರು ಹೋಗುತ್ತಿದ್ದದ್ದು ಪುರಸಭೆಗೆ, ದೂರು ಕೊಡಲು. ಬಾಲಮಂದಿರ ಈಗ ನಮ್ಮದಲ್ಲ, ಇಲಾಖೆಗೆ ಸೇರಿದೆ ಎನ್ನುತ್ತಿದ್ದರು ಪುರಸಭೆಯವರು. ನೀವಿದ್ದ ಕಾಲದಲ್ಲಿ ಅದು ಪುರಸಭೆಯದ್ದು, ಅಲ್ಲೇ ಕೇಳಿ ಎನ್ನುತ್ತಿದ್ದರು ಇಲಾಖೆಯವರು. ಎರಡು ಆಫೀಸೂ ಒಂದೇ ರಸ್ತೆಯ ಆಚೆ ಈಚೆ. ಆ ರಸ್ತೆ ದಾಟಿ ದಾಟಿಯೇ ನಮ್ಮ ರಜೆ ಮುಗಿಯುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ಗುಮಾಸ್ತ ಕನ್ನಡಕ ತೆಗೆದು ಒರೆಸುತ್ತಾ, "ಇಷ್ಟು ವರ್ಷ ಆಯ್ತಲ್ಲ, ಈಗ ನಿಮಗೆ ಎಂತ ಬೇಕು? ಪರಿಹಾರ ಗಿರಿಹಾರ ಎಲ್ಲ ಸಿಕ್ಕುದಿಲ್ಲ" ಎಂದ.

"ಪರಿಹಾರ ಬೇಡ. ಹೀಗೆ ನಡೆದದ್ದು ಹೌದು ಅಂತ ಯಾರಾದ್ರೂ ಒಬ್ರು ಹೇಳ್ಬೇಕು."

"ಸಾಕ್ಷಿ ಉಂಟಾ?"

ಇವರು ದೂರಿನ ಕಾಗದ ಮಡಚಿ ಕಿಸೆಗಿಟ್ಟರು. ನನಗೆ ಆ ಗುಮಾಸ್ತನ ಕನ್ನಡಕ ಕಿತ್ತು ಎಸೆಯುವಷ್ಟು ಸಿಟ್ಟು ಬಂದಿತ್ತು, ಇವರ ಮೇಲೆ ಅದಕ್ಕಿಂತ ಜಾಸ್ತಿ. ಪ್ರತಿ ರಜೆಯಲ್ಲೂ ಈ ಅವಮಾನ ಯಾಕೆ ಎಂದು ದೋಹಾಕ್ಕೆ ಬರುವ ವಿಮಾನದಲ್ಲಿ ಜಗಳ ಮಾಡಿದೆ. ಅವರ ಎಡಗಡೆ ಕೂತಿದ್ದರಿಂದ ಪೂರ್ತಿ ಜಗಳ ವ್ಯರ್ಥವಾಯಿತು.

ಇನ್ನು ನಮ್ಮ ಕರಾವಳಿಯವರ ಸಂಘದ ವಿಷಯ. ದೋಹಾದಲ್ಲಿ ಚಳಿಗಾಲ ಎಂದರೆ ಕಾರ್ಯಕ್ರಮಗಳ ಕಾಲ, ವಿಸಿಟ್ ವೀಸಾದಲ್ಲಿ ಮಕ್ಕಳ ಮನೆಗೆ ಬರುವ ಹಿರಿಯರ ಕಾಲ. ಇವೆರಡನ್ನೂ ಸೇರಿಸಿ ನಮ್ಮವರು ಸನ್ಮಾನ ಎಂಬ ಒಂದು ರೋಗ ಹಿಡಿಸಿಕೊಂಡಿದ್ದರು. ಊರಿನಲ್ಲಿ ಯಾವುದಾದರೂ ಕುರ್ಚಿಯಲ್ಲಿ ಕೂತು ನಿವೃತ್ತರಾದವರು ವಿಮಾನ ಇಳಿದರೆ ಸಾಕು, ಅವರಿಗೊಂದು ಶಾಲು, ಹಣ್ಣಿನ ಬುಟ್ಟಿ, ಪೇಟ. ಒಮ್ಮೆಯಂತೂ ಬಂದವರಿಗಿಂತ ಸನ್ಮಾನಿತರೇ ಜಾಸ್ತಿಯಾಗಿ ಮುಂದಿನ ಸಾಲಿನ ಕುರ್ಚಿಗಳನ್ನು ವೇದಿಕೆಗೆ ಸಾಗಿಸಿದ್ದರು.

ಅಧ್ಯಕ್ಷರು ಸಂಜೀವಣ್ಣ, ಬಿಲ್ಡಿಂಗ್ ಸಾಮಾನಿನ ವ್ಯಾಪಾರಿ. ಒಳ್ಳೆಯ ಮನುಷ್ಯರೇ. ಯಾರಾದರೂ ತೀರಿಕೊಂಡರೆ ಹೆಣವನ್ನು ಊರಿಗೆ ಕಳಿಸುವವರೆಗೆ ನಿದ್ದೆ ಮಾಡದವರು. ಅವರು ಒಂದು ಸಂಜೆ ಮುಖವೆಲ್ಲ ನಗು ಮಾಡಿಕೊಂಡು ನಮ್ಮ ಮನೆಗೆ ಬಂದು, ಯಥಾಪ್ರಕಾರ ಇವರ ಎಡಗಡೆ ಕೂತರು.

"ವಸಂತಣ್ಣಾ, ಒಂದು ಖುಷಿ ಸುದ್ದಿ. ನಿಮ್ಮ ಬಾಲಮಂದಿರದ ದೊಡ್ಡ ಸರ್ ಮಗಳ ಮನೆಗೆ ಬಂದಿದ್ದಾರೆ. ಇಲ್ಲೇ, ಮೂರು ರಸ್ತೆ ಆಚೆ. ಈ ಸಲದ ಸನ್ಮಾನ ಅವರಿಗೆ. ಶಾಲು ಹೊದಿಸುದು ನೀವು. ಶಿಷ್ಯನ ಕೈಯಿಂದ ಗುರುವಿಗೆ ಶಾಲು. ಇಂಥದ್ದು ದೋಹಾದಲ್ಲಿ ಆದದ್ದೇ ಇಲ್ಲ."

ನಾನು ಚಹಾದ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದೆ. ಇವರಿಗೆ ಅರ್ಧ ಕೇಳಿಸಿತೋ ಪೂರ್ತಿ ಕೇಳಿಸಿತೋ, ನಿಧಾನವಾಗಿ ಆ ಕಡೆ ತಿರುಗಿ, "ನಾನು ಹೊದಿಸುದಿಲ್ಲ ಸಂಜೀವಣ್ಣ" ಎಂದರು. ಯಾಕೆಂದು ಅವರು ಕೇಳಿದರು. ಇವರು ಹೇಳಿದರು. ಆ ಎರಡು ಆಫೀಸು ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ಹೊರಗಿನವರೊಬ್ಬರಿಗೆ ಕಿವಿಯ ಕಥೆ ಹೇಳಿದರು. ಸಂಜೀವಣ್ಣ ಚಹಾ ಕುಡಿಯುತ್ತಾ ಕೇಳಿ, ಲೋಟ ಕೆಳಗಿಟ್ಟು ಹೇಳಿದ್ದಿಷ್ಟು:

"ಹಿಂದಿನ ಕಾಲ ಮಾರಾಯ್ರೆ. ನನ್ನ ಅಪ್ಪ ನನ್ನನ್ನು ಹಗ್ಗದಲ್ಲಿ ಕಟ್ಟಿ ಹೊಡೀತಿದ್ರು. ಹೊಡೆದದ್ದಕ್ಕೇ ಅಲ್ವಾ ನಾವೆಲ್ಲ ಇಲ್ಲಿವರೆಗೆ ಬಂದದ್ದು? ಇಲ್ಲದಿದ್ರೆ ನೀವು ಫೋರ್‌ಮನ್ ಆಗ್ತಿದ್ರಾ? ಇಷ್ಟು ವರ್ಷ ಆಯ್ತು. ಖಲಾಸ್ ಮಾಡಿ. ಕಾರ್ಡ್ ಪ್ರಿಂಟಿಗೆ ಹೋಗಿದೆ."

ಕಾರ್ಡ್ ಪ್ರಿಂಟಿಗೆ ಹೋಗಿದೆ ಎಂದರೆ ನಮ್ಮವರಲ್ಲಿ ಮುಂದೆ ಮಾತಿಲ್ಲ. ಮರುವಾರ ಮನೆಗೆ ಬಂದ ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ ಇತ್ತು: ಗುರುವಂದನೆ, ಶಿಷ್ಯ ವಸಂತ ಇವರಿಂದ. ಶುಕ್ರವಾರದ ಭಜನೆಯಲ್ಲಿ ಹೆಂಗಸರೆಲ್ಲ ನನ್ನನ್ನು ಹಿಡಿದುಕೊಂಡರು. 'ಎಂಥ ಪುಣ್ಯ ನಿಮ್ಮೆಜಮಾನ್ರದ್ದು' ಎಂದರು. ನಾನು ವಿಷಯ ಹೇಳಿದರೆ, 'ಹಾಗಂತ ಸ್ಟೇಜಿನಲ್ಲಿ ಮುಖ ಮುರೀಲಿಕ್ಕೆ ಆಗ್ತದಾ' ಎಂದರು. ಒಬ್ಬರಾದರೂ ಆ ಚಾದರದ ಬಗ್ಗೆ ಕೇಳಲಿಲ್ಲ. ನಾನು ಪ್ರಸಾದವನ್ನೂ ತೆಗೆದುಕೊಳ್ಳದೆ ಮನೆಗೆ ಬಂದೆ.

ಮುಂದಿನ ರಜಾದಿನ ಇವರು, "ಅಲ್ ಶಮಾಲಿಗೆ ಹೋಗಿ ಬರುವ, ಒಬ್ಬ ಇದ್ದಾನೆ" ಎಂದರು. ಮಂಜು ಮುಸುಕಿದ ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ಹೊರಟೆವು. ಉತ್ತರದ ತುದಿಯ ಆ ಸಣ್ಣ ಊರಿನಲ್ಲಿ, ದೋಣಿಗಳು ನಿಲ್ಲುವ ಕಡೆ, ಇಬ್ರಾಹಿಂ ಎಂಬವರ ಒಂದು ಕೆಫೆಟೇರಿಯಾ. ನಮ್ಮ ಕಡೆಯ ಬ್ಯಾರಿ. ಅವರೂ ಅದೇ ಬಾಲಮಂದಿರದಲ್ಲಿ ಬೆಳೆದವರು, ಎಸಿ ರಿಪೇರಿಗೆ ಹೋದಾಗ ಸಿಕ್ಕಿದ್ದರು ಎಂದು ಇವರು ನನಗೆ ಹೇಳಿದ್ದು ಕಾರು ನಿಲ್ಲಿಸುವಾಗ. ಇಂಥದ್ದನ್ನೆಲ್ಲ ಇವರು ಕೊನೆಯ ಗಳಿಗೆಯಲ್ಲೇ ಹೇಳುವುದು.

ಇಬ್ರಾಹಿಂ ಪರೋಟ, ಮೊಟ್ಟೆ, ಚಹಾ ತಂದು ಮೇಜಿನ ಮೇಲಿಟ್ಟರು. ಇವರ ಎಡಗಡೆಯ ಕುರ್ಚಿ ಖಾಲಿಯಿತ್ತು, ಹತ್ತಿರವೇ ಇತ್ತು. ಅವರು ಅದನ್ನು ಬಿಟ್ಟು ಮೇಜಿನ ಸುತ್ತ ಬಂದು, ಬಲಗಡೆಯಲ್ಲಿದ್ದ ಸಕ್ಕರೆ ಚೀಲವನ್ನು ಕೆಳಗಿಳಿಸಿ ಅಲ್ಲಿ ಕೂತರು.

"ಇಬ್ರಾಯಿ, ದೊಡ್ಡ ಸರ್ ಬಂದಿದ್ದಾರೆ. ನಾನೊಂದು ದೂರು ಬರೀತೇನೆ. ಈ ಸಲ ನಿನ್ನ ಸಹಿಯೂ ಬೇಕು" ಎಂದರು ಇವರು.

ಇಬ್ರಾಹಿಂ ಮೇಜನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. "ನನಗೆ ಅಲ್ಲಿದ್ದು ಎಂತದೂ ನೆನಪಿಲ್ಲ ವಸಂತ."

"ಎಂತದೂ?"

"ಎಂತದೂ ಇಲ್ಲ. ಮಾಫಿ." ಅರಬಿಯಲ್ಲೂ ಒಮ್ಮೆ ಇಲ್ಲ ಎಂದು, ಆಮೇಲೆ ನನ್ನ ಕಡೆ ನೋಡಿದರು. "ಅಕ್ಕ, ನನ್ನ ಹೆಂಡತಿ ಮಕ್ಕಳಿಗೆ ನಾನು ಬಾಲಮಂದಿರದವ ಅಂತ ಗೊತ್ತಿಲ್ಲ. ಮಾವನ ಮನೇಲಿ ಬೆಳೆದವ ಅಂತ ಹೇಳಿದ್ದೇನೆ. ಮಗಳು ನಸೀಮಾಳಿಗೆ ದೋಹಾದಿಂದ ಒಂದು ಸಂಬಂಧ ಬಂದಿದೆ, ದೊಡ್ಡ ಮನೆತನ. ಈಗ ಇದೆಲ್ಲ ಎಬ್ಬಿಸಿದ್ರೆ ಅವರು 'ಯಾರ ಮಗನೋ' ಅಂತ ಹೇಳುದಿಲ್ವಾ?"

ಇವರು ಒತ್ತಾಯ ಮಾಡಲಿಲ್ಲ. ಪರೋಟ ತಿಂದು ಎದ್ದರು. ಹಿಂದೆ ಬರುವಾಗ ನಾನು ಕಾರಿನೊಳಗೆ ಕಿರುಚಾಡಿದೆ. ಏನೂ ನೆನಪಿಲ್ಲದ ಮನುಷ್ಯ ಸಕ್ಕರೆ ಚೀಲ ಇಳಿಸಿ ಬಲಗಡೆ ಯಾಕೆ ಕೂತ? ಅಷ್ಟೂ ಕೇಳಬಾರದಿತ್ತಾ ನೀವು? ಇವರು ಗೇರ್ ಬದಲಾಯಿಸುತ್ತಾ, "ಅವನಿಗೆ ಮಗಳಿದ್ದಾಳೆ" ಎಂದರು. ನಮಗೇನು ಮಗಳಿಲ್ಲವೇ ಎಂದು ಕೇಳಲು ಹೊರಟವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ನಮ್ಮವಳನ್ನು ನೋಡಿ, ಕೈ ಚಾಚಿ ಅವಳ ವಾಲಿದ ತಲೆ ನೇರ ಮಾಡಿದೆ.

ಕಾರ್ಯಕ್ರಮದ ದಿನ ಮಳೆ. ದೋಹಾದಲ್ಲಿ ಮಳೆ ಬರುವುದೇ ಅಪರೂಪ, ಬಂದರೆ ರಸ್ತೆಯ ನೀರು ಹೋಗಲು ದಾರಿಯಿಲ್ಲ. ಶಾಲೆಯ ಸಭಾಂಗಣದ ಬಾಗಿಲವರೆಗೆ ನೀರು ನಿಂತಿತ್ತು. ಗಂಡಸರು ಪ್ಯಾಂಟು ಮಡಚಿ, ಹೆಂಗಸರು ಸೀರೆ ಎತ್ತಿ ಹಿಡಿದು ಬಂದರು. ನಾನು ಕೊನೆಯವರೆಗೂ ಹೋಗಬೇಡಿ ಎಂದೆ. "ಹತ್ತಿರದಿಂದ ಒಮ್ಮೆ ನೋಡ್ಬೇಕು" ಎಂದರು ಇವರು. ಅದೇ ಸಭಾಂಗಣದಲ್ಲಿ, ಕೊನೆಯ ಸಾಲಿನಲ್ಲಿ, ಇಬ್ರಾಹಿಂ ಹೆಂಡತಿ ಮಗಳೊಂದಿಗೆ ಕೂತಿದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. ನಸೀಮಾಳನ್ನು ಕೇಳಿದ್ದ ಹುಡುಗನ ತಂದೆಯೂ ಸಂಘಕ್ಕೆ ಬೇಕಾದವರಂತೆ, ಮುಂದಿನ ಸಾಲಿನಲ್ಲಿದ್ದರು. ಅವರೇ ಇಬ್ರಾಹಿಂ ಮನೆಯವರನ್ನು ಕರೆಸಿದ್ದಂತೆ.

ಮುಖ್ಯ ಅತಿಥಿಯ ಕಾರು ಎಲ್ಲೋ ನೀರಿನಲ್ಲಿ ಸಿಕ್ಕಿಬಿದ್ದಿತ್ತು. ಹೊತ್ತು ಕಳೆಯಲು ಸಂಜೀವಣ್ಣ ಸನ್ಮಾನದ ಮೊದಲೇ ದೊಡ್ಡ ಸರ್ ಕೈಗೆ ಮೈಕು ಕೊಟ್ಟರು. ನಾನು ರಾಕ್ಷಸನನ್ನು ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಮಗಳು ಹೆಣೆದುಕೊಟ್ಟ ಸ್ವೆಟರ್ ತೊಟ್ಟ ಒಬ್ಬ ತೆಳ್ಳಗಿನ ಮುದುಕ. ಇವರು ಪಕ್ಕದಲ್ಲಿ, ಸಂಜೀವಣ್ಣ ಕೈಗೆ ತುರುಕಿದ ಶಾಲಿನ ತಟ್ಟೆ ಹಿಡಿದು ನಿಂತಿದ್ದರು. ದೊಡ್ಡ ಸರ್ ಚೆನ್ನಾಗಿಯೇ ಮಾತಾಡಿದರು. ಶಿಸ್ತಿನ ವಿಷಯಕ್ಕೆ ಬಂದಾಗ ಸ್ವರಕ್ಕೆ ಒಂದು ಕಳೆ ಬಂತು.

"ಹಾಸಿಗೆ ಒದ್ದೆ ಮಾಡುವ ಮಕ್ಕಳು ತುಂಬ ಇದ್ದರು. ಡಾಕ್ಟರುಗಳು ಏನೇನೋ ಹೇಳಿದರು. ನಾನು ಮಾಡಿದ್ದು ಇಷ್ಟೇ. ಅದೇ ಚಾದರವನ್ನು ಫಿನಾಯಿಲ್ ನೀರಿನಲ್ಲಿ ಅದ್ದಿ, ಅವನ ತಲೆಗೇ ಹೊದಿಸಿ, ಬಿಸಿಲಲ್ಲಿ ನಿಲ್ಲಿಸುವುದು. ಚಾದರ ಒಣಗಿದ ಮೇಲೆ ಗಂಜಿ. ಶುಚಿತ್ವವೂ ಆಯಿತು, ಪಾಠವೂ ಆಯಿತು. ಒಂದೇ ತಿಂಗಳಲ್ಲಿ ಎಲ್ಲರ ಹಾಸಿಗೆ ಒಣಗಿತು."

ಸಭೆ ನಕ್ಕಿತು. ಜೋರಾಗಿಯೇ ನಕ್ಕಿತು. ವರ್ಷಗಟ್ಟಲೆ ರಸ್ತೆ ದಾಟಿ ದಾಟಿ ಇವರು ಹುಡುಕಿದ್ದ ಮಾತನ್ನು ಆ ಮನುಷ್ಯ ಸ್ವಂತ ಬಾಯಿಂದ, ಮೈಕಿನಲ್ಲಿ, ಹೆಮ್ಮೆಯಿಂದ ಹೇಳಿದ್ದ. ಕೇಳಿದವರಿಗೆ ಅದು ತಮಾಷೆಯಾಗಿತ್ತು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತೆ, ಇಲ್ಲದಿದ್ದರೆ ಎದ್ದು ಏನು ಮಾಡುತ್ತಿದ್ದೆನೋ.

ನಗು ನಿಂತ ಮೇಲೆ ಇವರು ತಟ್ಟೆಯನ್ನು ಮೇಜಿನ ಮೇಲಿಟ್ಟು ಮೈಕಿಗೆ ಬಂದರು. "ಹಾಗೆ ನಿಂತ ಒಬ್ಬ ಹುಡುಗ ಬಿದ್ದ. ನಾನು ಅವನ ಚಾದರ ತೆಗೆದೆ. ಅದಕ್ಕೆ ಸರ್ ಹೊಡೆದ್ರು. ಈ ಕಿವಿ ಅವತ್ತಿಂದ ಕೇಳುದಿಲ್ಲ. ಈ ಶಾಲು ನಾನು ಹೊದಿಸುದಿಲ್ಲ."

ದೊಡ್ಡ ಸರ್ ಇವರನ್ನು ಮೇಲೆ ಕೆಳಗೆ ನೋಡಿದರು. ಗುರುತು ಸಿಕ್ಕಿರಲಿಲ್ಲ, ಅದು ಸ್ಪಷ್ಟವಿತ್ತು. "ನಾನು ಕಿವಿ ಹೋಗುವ ಹಾಗೆ ಯಾರಿಗೂ ಹೊಡೆದವನಲ್ಲ. ನನಗೆ ನೆನಪಿಲ್ಲಪ್ಪ" ಎಂದರು. ಸಂಜೀವಣ್ಣ ಓಡಿ ಬಂದು, "ವಸಂತಣ್ಣ, ಸಾಕು ಮಾರಾಯ್ರೆ, ದೊಡ್ಡವರ ಮೇಲೆ ಹೀಗೆಲ್ಲ" ಎಂದು ತೋಳು ಹಿಡಿದರು. ಸಭೆಯಲ್ಲಿ ಯಾರೋ 'ಸುಳ್ಳು' ಎಂದರು.

"ನನಗೆ ನೆನಪುಂಟು."

ಹಿಂದಿನ ಸಾಲಿನಲ್ಲಿ ಇಬ್ರಾಹಿಂ ಎದ್ದು ನಿಂತಿದ್ದರು. ಮಳೆನೀರಿಗೆ ಮೊಣಕಾಲವರೆಗೆ ಒದ್ದೆಯಾದ ಪ್ಯಾಂಟು, ಎರಡೂ ಕೈ ಮುಂದಿನ ಕುರ್ಚಿಯ ಮೇಲೆ. "ಬಿದ್ದ ಹುಡುಗ ನಾನು ಸರ್. ನಾನೂ ಅಲ್ಲೇ ಬೆಳೆದವ. ನನ್ನ ತಲೆಯ ಚಾದರ ತೆಗೆದದ್ದಕ್ಕೆ ಅವನಿಗೆ ಬಿದ್ದದ್ದು. ರಕ್ತ ಒರೆಸಿದ್ದು ನನ್ನ ಅಂಗಿಯಲ್ಲಿ."

ಪಕ್ಕದಲ್ಲಿ ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದಿದ್ದರು. ನಸೀಮಾ ತಂದೆಯ ಮುಖವನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಿಂದ ಹುಡುಗನ ತಂದೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿ ಕೂತರು. ಇವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು, ವೇದಿಕೆಯ ಮೇಲೆ. ಮುಖ ಮುಚ್ಚಿಕೊಳ್ಳಲಿಲ್ಲ, ಹಾಗೆಯೇ ನಿಂತು ಅತ್ತರು.

ಇಷ್ಟೆಲ್ಲ ಆದ ಮೇಲೆ ಲೋಕ ಸರಿಯಾಯಿತು ಎಂದುಕೊಂಡರೆ ನಮ್ಮವರನ್ನು ನೀವು ತಿಳಿದಿಲ್ಲ ಎಂದರ್ಥ. ಶಾಲನ್ನು ಸಂಜೀವಣ್ಣನೇ ಹೊದಿಸಿದರು. ಕಾರ್ಡಿನಲ್ಲಿ ಪ್ರಿಂಟಾದ ಸನ್ಮಾನ ಆಗಲೇಬೇಕಲ್ಲ. ಕಾರ್ಯಕ್ರಮದ ವಿಡಿಯೋ ಇತ್ತು, ದೂರಿಗೆ ಅದೊಂದೇ ಸಾಕು ಎಂದು ನಾನು ಕ್ಯಾಸೆಟ್ ತರಿಸಿದೆ. ದೊಡ್ಡ ಸರ್ ಮೈಕು ಹಿಡಿಯುವ ಹೊತ್ತಿಗೆ ಪರದೆಯ ಮೇಲೆ ಗುಲಾಬಿ ಹೂಗಳು ಅರಳಿ, ಮಕ್ಕಳ ಡ್ಯಾನ್ಸ್ ಶುರುವಾಯಿತು. ಸಮಿತಿಯವರು ಹೇಳಿ ಆ ಭಾಗವನ್ನು ತೆಗೆಸಿದ್ದರು. ಕುಣಿಯುವವರ ನಡುವೆ ನಮ್ಮ ಮಗಳೇ ಇದ್ದಳು. ಎಷ್ಟೋ ವರ್ಷ ಅವಳು ಆ ಕ್ಯಾಸೆಟ್ ಹಾಕಿ ಹಾಕಿ ನೋಡಿದಳು, ನಾನು ಪ್ರತಿ ಸಲ ಅಡುಗೆಮನೆಗೆ ಎದ್ದು ಹೋದೆ.

ನಸೀಮಾಳ ಆ ಸಂಬಂಧ ತಪ್ಪಿಹೋಯಿತು. ಇಬ್ರಾಹಿಂ ಅದರ ಬಗ್ಗೆ ನಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ಅಲ್ ಶಮಾಲಿನಿಂದ ಬಂದು, ನಾನು ಟೈಪ್ ಮಾಡಿದ ದೂರಿಗೆ ಸಹಿ ಹಾಕಿ, ಚಹಾ ಕುಡಿದು ಹೋದರು. ಅದನ್ನು ಎರಡೂ ಆಫೀಸಿಗೆ ಕಳಿಸಿದೆವು. ಉತ್ತರ ಬರಲಿಲ್ಲ. ರಜೆಯಲ್ಲಿ ಹೋಗಿ ಕೇಳಿದರೆ ಈ ಸಲ ಗುಮಾಸ್ತ, ಸಾಕ್ಷಿ ಇದ್ದರೆ ಸಾಲದು, ಆ ಕಾಲದ ರಿಜಿಸ್ಟರು ನೆರೆಯಲ್ಲಿ ಹೋಗಿದೆ ಎಂದ. ಪುರಸಭೆ ಇರುವುದು ಗುಡ್ಡದ ಮೇಲೆ. ದೊಡ್ಡ ಸರ್ ಎರಡು ವರ್ಷ ಬಿಟ್ಟು ಊರಲ್ಲಿ ತೀರಿಕೊಂಡರು.

ದೋಹಾದಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಮುಂದಿನ ಯುಗಾದಿ ಊಟದಲ್ಲಿ ಸಂಜೀವಣ್ಣ ಇವರ ಎಡಗಡೆಯ ಕುರ್ಚಿ ಎಳೆದರು, ಒಂದು ಕ್ಷಣ ನಿಂತರು, ಸುತ್ತು ಹಾಕಿ ಬಲಗಡೆ ಬಂದು ಕೂತರು. ಪಾಯಸ ಹಾಕಿಸಿಕೊಳ್ಳಿ ಎಂದರು. ಕ್ಷಮೆ ಕೇಳಲಿಲ್ಲ. ಇವರು ಎರಡು ಸಲ ಹಾಕಿಸಿಕೊಂಡರು. ನಾನಾಗಿದ್ದರೆ ಆ ಪಾಯಸವನ್ನು ಮುಟ್ಟುತ್ತಿರಲಿಲ್ಲ.

ಇದನ್ನೆಲ್ಲ ಫಿನಾಯಿಲ್ ಗಲಾಟೆಯ ದಿನ ಮಗಳಿಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ತೆಗೆದು ಕೂತಳು. ಈಗೆಲ್ಲ ದೂರು ಆನ್‌ಲೈನಲ್ಲಿ ಕೊಡಬಹುದಂತೆ. ಸಂಜೆಯ ಹೊತ್ತಿಗೆ ಇಬ್ರಾಹಿಂ ಬಂದರು. ನಸೀಮಾಳ ಮನೆ ಈಗ ಅಲ್ ರಯ್ಯಾನಿನಲ್ಲೇ, ನಾವು ಬಂದರೆ ಅವರೂ ತಪ್ಪದೆ ಬರುತ್ತಾರೆ. ಕೋಲೂರಿಕೊಂಡು ಸೋಫಾ ಸುತ್ತಿ ಬಂದು ಇವರ ಬಲಗಡೆ ಕೂತರು. ಮಗಳು ದೂರಿನ ಫಾರಂ ತುಂಬಿಸುತ್ತಾ ತುಂಬಿಸುತ್ತಾ ಒಂದು ಕಡೆ ನಿಂತಳು.

"ಅಪ್ಪಾ, ಘಟನೆ ಆದ ತಾರೀಕು ಕೇಳ್ತದೆ. ಅಷ್ಟು ಹಿಂದೆ ಇದರ ಕ್ಯಾಲೆಂಡರ್ ಹೋಗುದೇ ಇಲ್ಲ. ಖಾಲಿ ಬಿಟ್ರೆ ಮುಂದೆ ಹೋಗುದಿಲ್ಲ."

ನನಗೆ ಮತ್ತೆ ಮೈ ಉರಿಯತೊಡಗಿತು. ರಸ್ತೆ ದಾಟಿಸುವುದು ಮುಗಿಯಿತು ಎಂದುಕೊಂಡರೆ ಈಗ ಇದು. ಮುಚ್ಚಿಬಿಡು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇಬ್ರಾಹಿಂ ಕೋಲನ್ನು ಗೋಡೆಗೆ ಒರಗಿಸಿಟ್ಟು ಹೇಳಿದರು:

"ಇವತ್ತಿನ ತಾರೀಕು ಹಾಕು ಮಗಳೇ. ಇವತ್ತೂ ಅವನಿಗೆ ಆ ಕಿವಿ ಕೇಳುದಿಲ್ಲ ಅಲ್ವಾ."

ಮಗಳು ತಂದೆಯನ್ನೊಮ್ಮೆ ನೋಡಿ, ಇವತ್ತಿನ ತಾರೀಕು ಹಾಕಿದಳು.